ಅಪ್ಪನನ್ನು ಮಣ್ಣು ಮಾಡಿದ ಜಾಗ

ಕೆಂಚಾರ್ಲಹಳ್ಳಿ ಕಡೆಯ ನಮ್ಮೂರಿನ ಭೂಗೋಳ ಬಲು ಸರಳ. ಪಡುವಣಕ್ಕೆ ಕಲ್ಲುಗುಡ್ಡ, ಅದರ ಬುಡದಲ್ಲಿ ಕೆರೆ, ಕಟ್ಟೆಯ ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ನಮ್ಮ ಕೇರಿ. ಕೆರೆ ಕಟ್ಟಿಸಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ತೂಬು ಎತ್ತಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವ ನೀರುಗಂಟಿಯ ಕೆಲಸ ಮಾತ್ರ ತಲೆತಲಾಂತರದಿಂದ ನಮ್ಮ ಮನೆಯದು. ಅಪ್ಪನೇ ಕೊನೆಯವರು. ಊರಿನ ದೊಡ್ಡ ರೈತರು ಅವರನ್ನು ಹೊಸಿಲು ದಾಟಿಸಿಕೊಳ್ಳುತ್ತಿರಲಿಲ್ಲ, ಆದರೆ ನೀರಿನ ವಿಷಯದಲ್ಲಿ ಅವರ ಮಾತಿಗೆ ಎದುರಾಡುತ್ತಲೂ ಇರಲಿಲ್ಲ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಕೆರೆ ಬತ್ತಿ, ಅದರ ಅಂಗಳದ ತುಂಬ ಜಾಲಿ ಬೆಳೆದಿತ್ತು. ಗದ್ದೆಗಳಿಗೆ ಬೋರ್‌ವೆಲ್ ನೀರು, ಹಿಪ್ಪುನೇರಳೆ ಬಂದವು. ನಮ್ಮ ಸ್ಮಶಾನವಿದ್ದದ್ದು ಗುಡ್ಡದ ಮಗ್ಗುಲಿನ ದಿಬ್ಬದಲ್ಲಿ. ಅಗೆದರೆ ಬರೀ ಬಂಡೆ. ಕೆರೆಯಂಗಳದ ಮಣ್ಣೋ ಬೆಣ್ಣೆಯ ಹಾಗೆ. ಕೇರಿಯವರು ಮೆಲ್ಲಗೆ ಅಲ್ಲೇ ಮಣ್ಣು ಮಾಡತೊಡಗಿದರು. ಅಪ್ಪನಿಗೆ ಒಳಗೊಳಗೇ ಸಿಟ್ಟು. "ಅದು ನೀರಿನ ಜಾಗ ಕಣಪ್ಪ. ಇವತ್ತಲ್ಲ ನಾಳೆ ಬರ್ತದೆ. ನನ್ನನ್ನ ದಿಬ್ಬದ ಮೇಲೇ ಇಡು," ಎಂದು ನನಗೊಬ್ಬನಿಗೇ ಹೇಳಿದ್ದರು.

ಅವರು ಹೋದ ದಿನ ದಿಬ್ಬದಲ್ಲಿ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಹಾರೆ ಬಂಡೆಗೆ ಬಡಿಯಿತು. ಪಕ್ಕದಲ್ಲಿ ಅಗೆದರೂ ಅದೇ ಕಥೆ. ನೆತ್ತಿ ಸುಡುವ ಬಿಸಿಲು. ಅಗೆಯುವವರು ನನ್ನ ಮುಖ ನೋಡಿದರು. "ಅಂಗಳದಲ್ಲೇ ಆಗ್ಲಿ ಬಿಡ್ರಿ," ಎಂದೆ. ಅಮ್ಮ ಕೇಳಿದಾಗ, ಅಪ್ಪನೇ ಹಾಗೆ ಹೇಳಿದ್ದರು ಎಂದು ಸುಳ್ಳು ಹೇಳಿದೆ. ಶಾಲೆಯಲ್ಲಿ ಭೂಗೋಳ ಪಾಠ ಮಾಡುವವನು ನಾನು. ಊರೂರ ನದಿಗಳ ಹುಟ್ಟು ಬಾಯಿಪಾಠ. ನಮ್ಮ ಕೆರೆ ಮತ್ತೆ ತುಂಬೀತು ಎಂದು ಮಾತ್ರ ಹೊಳೆಯಲಿಲ್ಲ.

ಕೆಲವು ವರ್ಷಗಳ ಮೇಲೆ ದೂರದಿಂದ ಪೈಪಿನಲ್ಲಿ ನೀರು ತಂದು ಕೆರೆಗೆ ಬಿಟ್ಟರು. ಊರೆಲ್ಲ ಸೇರಿ ಬಾಗಿನ ಅರ್ಪಿಸಿತು. ಅಪ್ಪನ ತಲೆಯ ಕಡೆ ನೆಟ್ಟಿದ್ದ ಕಲ್ಲು ವಾರದೊಳಗೆ ಮುಳುಗಿತು. ಕಟ್ಟೆಯ ಮೇಲೆ ಯಾರೋ ನಕ್ಕರು: "ನೀರು ಎಲ್ಲಿಗ್ ಬರ್ತದೆ ಅಂತ ನೀರುಗಂಟಿಗೇ ತಿಳೀಲಿಲ್ಲ ನೋಡು." ಅಮ್ಮ ಪಕ್ಕದಲ್ಲೇ ಇದ್ದಳು. ಮನೆಗೆ ಬಂದವಳು ಊಟ ಬಿಟ್ಟಳು. "ಅಷ್ಟು ತಿಳಿದೋರು, ಇದೊಂದು ಯಾಕ್ ತಿಳೀಲಿಲ್ವೋ ಅವ್ರಿಗೆ," ಎಂದು ಒಂದೇ ಸಮನೆ ಕೊರಗಿದಳು. ಎರಡು ದಿನ ತಡೆದೆ. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಮ್ಮ ಬಯ್ಯಲಿಲ್ಲ. ತಟ್ಟೆ ಎಳೆದುಕೊಂಡು ಮುದ್ದೆ ಮುರಿದಳು. "ಹಂಗಾದ್ರೆ ಅವ್ರದು ತಪ್ಪಿಲ್ಲ," ಎಂದಳು. ಎರಡು ತುತ್ತು ನುಂಗಿದ ಮೇಲೆ, ನನ್ನ ಕಡೆ ನೋಡದೆ ಹೇಳಿದಳು: "ನಾನು ಹೋದಾಗ ಜಾಗ ತೋರ್ಸೋ ಕೆಲ್ಸ ನಿನಗೆ ಬ್ಯಾಡಪ್ಪ. ನಿನ್ನ ಹೆಂಡ್ತಿಗೆ ಹೇಳಿರ್ತೀನಿ."