ತಿಳಿ ಬಸಿಯುವ ಲೂಸಿಯೆನ್

ಬೆಳಗಿನ ಐದೂವರೆ. ಅಮೆರಿಕದ ವರ್ಮಾಂಟಿನ ಗುಡ್ಡದ ಮೇಲಿನ ಮೇಪಲ್ ಆಲೆಮನೆಯಲ್ಲಿ ಲೂಸಿಯೆನ್ ಗಾನ್ಯೋ ಬಿಸಿಪಾಕವನ್ನು ಗಾಜಿನ ಜಾಡಿಗೆ ಸುರಿದು ಕಿಟಕಿಯಲ್ಲಿ ಇಡುತ್ತಾರೆ. ಆಮೇಲೆ ಡೋನಟ್ ತಿನ್ನಲು ಕೂರುತ್ತಾರೆ. ಕಣ್ಣು ಮಾತ್ರ ಜಾಡಿಯ ಮೇಲೆ.

ಮೇಪಲ್ ಮರದ ರಸ ಕುದಿದು ಗಟ್ಟಿಯಾಗುವಾಗ ಅದರೊಳಗಿನ ಖನಿಜ ನುಣ್ಣನೆಯ ಮರಳಾಗಿ ಹೊರಬೀಳುತ್ತದೆ. ಎಷ್ಟು ಕಲಕಿದರೂ ಕರಗದು. ಅದನ್ನು ಬೇರ್ಪಡಿಸುವುದು ಅರವತ್ತೊಂಬತ್ತರ ಲೂಸಿಯೆನ್ ನಲವತ್ತು ವಸಂತಗಳಿಂದ ಮಾಡುತ್ತಿರುವ ಕೆಲಸ. ದಿನಕ್ಕೆ ಅರವತ್ತು ಗ್ಯಾಲನ್. ಎಡಗೈಯ ಎರಡು ಬೆರಳುಗಳಿಗೆ ಈಗ ಬಿಸಿಯೇ ತಿಳಿಯುವುದಿಲ್ಲ.

ಇಂದು ಋತುವಿನ ಕೊನೆಯ ರಸ, ಮರಳು ಹೆಚ್ಚು. ಸೋಸುವ ಉಣ್ಣೆಚೀಲ ಕಟ್ಟಿಕೊಂಡು ಹನಿ ನಿಂತಿದೆ. ತನ್ನ ತಂದೆ ತೀರಿಕೊಂಡ ಮೇಲೆ ಆಲೆಮನೆ ನಡೆಸುತ್ತಿರುವ ಯುವತಿ ಹ್ಯಾಡ್ಲಿಗೆ ದಿಗಿಲು. ನಾಳೆ ಹತ್ತಕ್ಕೆ ಸಹಕಾರ ಸಂಘದ ಲಾರಿ. ಪಾಕ ಕದಡಿದ್ದರೆ ಪೀಪಾಯಿ ವಾಪಸ್. ಮುಂದಿನ ವರ್ಷ ಲಾರಿ ಈ ಗುಡ್ಡ ಹತ್ತುವುದಿಲ್ಲ.

ಚೀಲ ಹಿಂಡಲು ಹೋದ ಅವಳ ಕೈಯನ್ನು ಹಿಡಿದು ಲೂಸಿಯೆನ್ ಅದರಲ್ಲಿ ಕಾಫಿ ಲೋಟ ಇಡುತ್ತಾರೆ.

"ಹಿಂಡಿದ್ರೆ ಮರಳೂ ಬಟ್ಟೆ ದಾಟತ್ತೆ, ಮಗಳೇ. ಹೋದ್ವರ್ಷ ಚೀಲಕ್ಕೆ ಸೋಪು ಹಾಕಿ ಒಗೆದ್ಯಲ್ಲ, ಆ ಉಪಕಾರವೇ ಸಾಕು."

ಆ ಚೀಲದಲ್ಲಿ ಸೋಸಿದ ಪಾಕವೆಲ್ಲ ಸೋಪಿನ ಲ್ಯಾವೆಂಡರ್ ವಾಸನೆ ಹೊಡೆದಿತ್ತಂತೆ. ಹದಿನಾಲ್ಕು ಬಾಟಲಿಗಳನ್ನು ಲೂಸಿಯೆನ್ ಸದ್ದಿಲ್ಲದೆ ಮನೆಗೆ ಒಯ್ದರು, ಇನ್ನೂ ಗಂಜಿಗೆ ಅದನ್ನೇ ಸುರಿದುಕೊಳ್ಳುತ್ತಾರೆ ಎಂದು ಹ್ಯಾಡ್ಲಿ, ಅವರ ಬಗ್ಗೆ ಬರೆಯಲು ಬಂದಿರುವ ನನ್ನ ಕಿವಿಯಲ್ಲಿ ಹೇಳುತ್ತಾಳೆ.

ಡೋನಟ್ ಮುಗಿಯಿತು. ಜಾಡಿಯ ತಳದಲ್ಲಿ ಆಗಲೇ ಒಂದು ಬೆರಳಷ್ಟು ಮರಳು. ಅದು ಇನ್ನೂ ತೇಲುತ್ತಿದ್ದರೆ ಹೊಸ ಉಣ್ಣೆಚೀಲ ಕಟ್ಟಬೇಕಿತ್ತು. ಬೇಗ ಇಳಿದಿರುವುದರಿಂದ ರಾತ್ರಿಯಿಡೀ ಹಾಗೇ ಬಿಟ್ಟು ಮೇಲಿನ ತಿಳಿಯನ್ನು ಬಸಿದರಾಯಿತು.

"ದಾರಿ ಯಾವುದು ಅಂತ ನಾನೇನ್ ಹೇಳ್ಲಿ? ಮರಳನ್ನೇ ಕೇಳ್ಬೇಕು."

"ಲಾರಿಯವ್ನು ಮರಳಿನ ಮಾತು ಕೇಳ್ತಾನಾ?" ಎನ್ನುತ್ತಾಳೆ ಹ್ಯಾಡ್ಲಿ. ಆದರೂ ಕಂಬಳಿ ತರುತ್ತಾಳೆ. ಪಾಕ ತುಂಬಿದ ಹಾಲಿನ ಕ್ಯಾನುಗಳಿಗೆ ಬಿಸಿ ಆರದಂತೆ ಅದನ್ನು ಸುತ್ತಿ, ಬಾಗಿಲನ್ನೂ ಮೆಲ್ಲಗೆ ಎಳೆದುಕೊಂಡು ಹೊರಬರುತ್ತೇವೆ.

ಮರುದಿನ ನಸುಕಿನಲ್ಲಿ ಲೂಸಿಯೆನ್ ಒಂದೊಂದೇ ಕ್ಯಾನನ್ನು ಬಗ್ಗಿಸಿ ತಿಳಿಯನ್ನು ಬಸಿಯುತ್ತಾರೆ. ಕದಡಿನ ಮೊದಲ ಎಳೆ ಕಂಡಲ್ಲಿ ಕೈ ನಿಲ್ಲುತ್ತದೆ. ಉಳಿದ ಮಡ್ಡಿ ಮಾತ್ರ ಉಣ್ಣೆಚೀಲಕ್ಕೆ.

ಹತ್ತಕ್ಕೆ ಬಂದ ಲಾರಿ ಚಾಲಕ ಮಾದರಿ ಬಾಟಲಿಯ ಹಿಂದೆ ಪತ್ರಿಕೆ ಹಿಡಿದು, ಪಾಕದ ಮೂಲಕವೇ ಹವಾಮಾನ ವರದಿ ಓದುತ್ತಾನೆ. ಪೀಪಾಯಿ ಲಾರಿ ಏರುತ್ತದೆ. ಯಾರು ಸೋಸಿದ್ದು ಎಂದು ಕೇಳಿದರೆ ಲೂಸಿಯೆನ್ ಹ್ಯಾಡ್ಲಿಯತ್ತ ಬೆರಳು ತೋರುತ್ತಾರೆ.

ಬಾಟಲಿಯ ಮೇಲೆ ನಿಮ್ಮ ಹೆಸರೂ ಇರಬೇಡವೇ ಎಂದು ಲೂಸಿಯೆನ್ ಅವರನ್ನು ಕೇಳಿದೆ.

"ತಿರುಗಿಸಿ ತಳ ನೋಡಿ. ಅಲ್ಲಿ ಏನೂ ಕಾಣ್ದಿದ್ರೆ, ಅದೇ ನನ್ನ ಹೆಸ್ರು."