ಹೆಪ್ಪಾಗದ ಹಾಲು

ಕೆಚ್ಚಲು ಬಾವಾದ ಹಸುವಿನ ಹಾಲನ್ನು ಡಾಕ್ಟರು ತಮ್ಮ ಬರಿಯ ಅಂಗೈಗೇ ಹಿಂಡಿಕೊಳ್ಳುತ್ತಿದ್ದರು. ಹಳದಿ ನೀರು, ಅದರಲ್ಲಿ ಒಡೆದ ಗಿಣ್ಣಿನಂಥ ಗರಣೆ, ಒಂದೆರಡು ಎಳೆ ರಕ್ತ. ಮೂಗಿನ ಹತ್ತಿರ ಹಿಡಿದು ಮೂಸಿ, ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಅಮ್ಮ ಕೊಟ್ಟ ಕಾಫಿ ಲೋಟ ತೆಗೆದುಕೊಳ್ಳುತ್ತಿದ್ದರು. ನನಗೆ ಹೇಸಿಗೆಯಾಗುತ್ತಿತ್ತು. ಅವರು ಹೋದ ಮೇಲೆ ಆ ಲೋಟಕ್ಕೆ ಬೂದಿ ಹಾಕಿ ಎರಡೆರಡು ಸಲ ತಿಕ್ಕುತ್ತಿದ್ದೆ. ಹೇಸಬೇಕಾದದ್ದು ಯಾವುದಕ್ಕೆ ಎಂದು ತಿಳಿಯುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅವರು ದೇವಲಾಪುರದ ಸುತ್ತಿನ ಹಳ್ಳಿಗಳಿಗೆಲ್ಲ ದನದ ಡಾಕ್ಟರು. ಸ್ವಂತ ಊರು ಅರಕೆರೆ. ನಾನು ನಾಗಮಂಗಲಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಸೈನ್ಸ್ ಓದುತ್ತಿದ್ದೆ. ಪುಸ್ತಕದಲ್ಲಿ ರೈಬೋಸೋಮಿನ ಪಾಠವಿತ್ತು. ಬ್ಯಾಕ್ಟೀರಿಯಾದ ರೈಬೋಸೋಮು ಎಪ್ಪತ್ತು ಎಸ್, ಅದರ ತುಂಡುಗಳು ಐವತ್ತು ಮತ್ತು ಮೂವತ್ತು. ನಮ್ಮದು, ಹಸುವಿನದು ಎಂಬತ್ತು ಎಸ್, ತುಂಡುಗಳು ಅರವತ್ತು ಮತ್ತು ನಲವತ್ತು. ಐವತ್ತಕ್ಕೆ ಮೂವತ್ತು ಕೂಡಿದರೆ ಎಪ್ಪತ್ತು ಹೇಗಾದೀತೆಂದು ನನಗೆ ಪುಸ್ತಕದ ಮೇಲೆ ಸಿಟ್ಟು. ಒಂದು ದಿನ ಕೊಟ್ಟಿಗೆಯ ಬಾಗಿಲಲ್ಲಿ ಅವರನ್ನೇ ಕೇಳಿದೆ. ಅದು ತೂಕವಲ್ಲ, ಗಿರಗಿರನೆ ತಿರುಗಿಸಿದಾಗ ಎಷ್ಟು ಬೇಗ ತಳಕ್ಕಿಳಿಯುತ್ತದೆ ಅನ್ನುವ ಅಳತೆ, ಅದಕ್ಕೇ ಕೂಡಿಸಿದರೆ ತಾಳೆಯಾಗುವುದಿಲ್ಲ ಎಂದರು. ಆಮೇಲೆ ಜಗಲಿಯ ಮೂಲೆಯಲ್ಲಿದ್ದ ರಾಗಿಕಲ್ಲಿನ ಕಡೆ ಕೈ ತೋರಿಸಿದರು.

"ಜೀವ ಇರೋವಕ್ಕೆಲ್ಲ ಒಳಗೆ ಇಂಥ ಕಲ್ಲೈತೆ ಕಣವ್ವ. ಮೇಲೊಂದು, ಕೆಳಗೊಂದು. ಪ್ರೋಟೀನು ಅಲ್ಲೇ ಆಗೋದು. ಅಸೀಂದು ದೊಡ್ ಕಲ್ಲು, ಕ್ರಿಮೀದು ಸಣ್ ಕಲ್ಲು, ಕಡ್ದಿರೋ ರೀತೀನೂ ಬ್ಯಾರೆ. ನಾನ್ ಚುಚ್ಚೋ ಔಸ್ದಿ ಸಣ್ ಕಲ್ಲಿಗೆ ಸಿಗಾಕ್ಕಂಡು ಅದ್ನ ನಿಲ್ಲಿಸ್ಬುಡ್ತದೆ. ಅಸ ಬದುಕ್ಕತದೆ."

ಔಷಧಿ ಹಾಲಿಗೂ ಇಳಿಯುತ್ತದೆ, ತಾವು ಹೇಳುವವರೆಗೂ ಆ ಹಾಲನ್ನು ತಿಪ್ಪೆಗೆ ಚೆಲ್ಲಬೇಕು ಎಂದು ಅವರು ಮನೆಮನೆಯಲ್ಲೂ ಬಡಿದುಕೊಳ್ಳುತ್ತಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದರು, ಯಾರೂ ಚೆಲ್ಲುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎರಡು ಹಸು. ಸೂಜಿ ಬಿದ್ದ ಹಸುವಿನ ಹಾಲು ಡೈರಿಗೆ, ಇನ್ನೊಂದರದು ಮನೆಗೆ. ಕಾಯಿಸಿದರೆ ಎಲ್ಲ ಹೋಗುತ್ತದೆ ಅನ್ನುತ್ತಿದ್ದ ಅಮ್ಮ, ಎರಡೂ ಬೆರೆಯದಂತೆ ಬೇರೆ ಬೇರೆ ಪಾತ್ರೆ ಇಟ್ಟಿದ್ದಳು. ನಮ್ಮ ಮನೆಯ ಮಕ್ಕಳಿಗೆ ಬೇಡವಾದದ್ದು ಯಾರದೋ ಮನೆಯ ಮಕ್ಕಳಿಗೆ. ಥೂ. ಅದನ್ನು ಕ್ಯಾನಿನಲ್ಲಿ ಹೊತ್ತು ಡೈರಿಗೆ ಸುರಿದು ಬರುತ್ತಿದ್ದವಳು ನಾನೇ, ರೈಬೋಸೋಮಿನ ಚಿತ್ರ ಬರೆದು ಲೆಕ್ಚರರ್ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡವಳು.

ಅಕ್ಕನ ಮಗುವಿಗೆ ಹೆಸರಿಡುವ ದಿನ ನಮ್ಮ ಬಣ್ಣ ಬಯಲಾಯಿತು. ಅಡಿಗೆಗೆ ನೆರವಾಗಲು ಸಂತೆಬಾಚಹಳ್ಳಿಯಿಂದ ಬಂದಿದ್ದ ದೊಡ್ಡಮ್ಮ, ನಮ್ಮ ಗುಟ್ಟು ತಿಳಿಯದೆ, ಡೈರಿಗೆಂದು ಇಟ್ಟಿದ್ದ ಹಾಲನ್ನೇ ಹಿಂದಿನ ಸಂಜೆ ಕಾಯಿಸಿ ಹೆಪ್ಪು ಹಾಕಿದ್ದಳು. ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೂ ಅದು ಹಾಲಾಗಿಯೇ ಇತ್ತು. ಪಂಕ್ತಿಯಲ್ಲಿ ಡಾಕ್ಟರೂ ಕೂತಿದ್ದರು. ಹೆಪ್ಪು ಹಳೆಯದು, ಚಳಿ ಬೇರೆ ಎಂದು ಅಮ್ಮ ಸಬೂಬು ಹೇಳುತ್ತಿದ್ದಳು. ಅವರು ಪಾತ್ರೆ ತರಿಸಿ, ಒಂದು ಸೌಟು ಎತ್ತಿ ಸುರಿದು ನೋಡಿದರು. ಹೆಪ್ಪಿನಲ್ಲಿರುವುದೂ ಸಣ್ಣ ಕಲ್ಲಿನ ಜೀವವೇ. ಔಷಧಿ ಅದರ ಕಲ್ಲನ್ನೂ ನಿಲ್ಲಿಸಿತ್ತು. ಅವರು ಅಮ್ಮನನ್ನು ಕೇಳಲಿಲ್ಲ, ನನ್ನ ಕಡೆ ತಿರುಗಿದರು.

"ಯಾವ ಅಸೀಂದವ್ವ ಈ ಆಲು?"

"ಗೊತ್ತಿಲ್ಲ ಸಾರ್" ಅಂದೆ.

"ನಿಂಗೆ ಯೇಳ್ಕೊಟ್ಟಿದ್ದು ಪರೀಕ್ಸೆಗಲ್ಲ ಕಣವ್ವ" ಎಂದು ಎಲೆಯ ಮುಂದಿನಿಂದ ಎದ್ದು ಹೋದರು.

ಇನ್ನು ನಮ್ಮ ಮನೆಗೆ ಕಾಲಿಡುವುದಿಲ್ಲ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಬಂದು, ಉಳಿದಿದ್ದ ಸೂಜಿ ಹಾಕಿದರು. ಹಸು ಏನು ತಪ್ಪು ಮಾಡಿತ್ತು? ಕಾಫಿ ಬೇಡವೆಂದರು. ಅವತ್ತು ತಿಕ್ಕಲು ನನಗೆ ಲೋಟವಿರಲಿಲ್ಲ.

ಆ ದಶಕ ಮುಗಿಯುವ ಮೊದಲೇ ಎದೆನೋವು ಬಂದು ತೀರಿಕೊಂಡರು. ತಿಥಿಗೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಅರಕೆರೆಗೆ ಹೋದೆ. ಚಪ್ಪರದ ತುಂಬ ಅವರ ಹೊಗಳಿಕೆ. ಊಟದ ಕೊನೆಗೆ ಬಡಿಸಿದ ಮೊಸರು ಎಲೆಯಿಂದಾಚೆ ನೀರಾಗಿ ಹರಿಯಿತು. ಬಡಿಸುತ್ತಿದ್ದಾತ ಅವರ ನೆಂಟನೇ, ಹಾಲೂ ಅವನ ಮನೆಯದೇ. ಹೆಪ್ಪು ಸರಿಯಿಲ್ಲ ಎಂದು ಹಲ್ಲು ಕಿರಿದ. ಅವರ ಹೆಸರಿನಲ್ಲಿ ಉಣ್ಣುವ ಎಲೆಯ ಮೇಲೂ ಇದೇ ಹೊಲಸು. ನಾನು ಪಂಕ್ತಿಯಲ್ಲೇ ಎದ್ದು ನಿಂತೆ.

"ಯಾವ ಅಸೀಂದಣ್ಣ ಈ ಆಲು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ.

ಅವನು ಬಕೆಟ್ಟಿನೊಳಕ್ಕೆ ನೋಡುತ್ತಾ, "ಗೊತ್ತಿಲ್ಲ ಕಣವ್ವ" ಅಂದ.

"ನಂಗೊತ್ತು" ಅಂದೆ. ನೂರು ಜನ ಉಣ್ಣುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಡೈರಿಗೆ ಹೊತ್ತ ಕ್ಯಾನುಗಳಿಂದಲೇ ಹೇಳಲು ಶುರು ಮಾಡಿದೆ.