ಉಳಿಯಕ್ಕ ಮತ್ತು ಒಂಟಿಕಿವಿ ಕುದುರೆ

ಊರವರೆಲ್ಲ ಅವಳನ್ನು ಉಳಿಯಕ್ಕ ಎಂದೇ ಕರೆಯುತ್ತಿದ್ದರು. ಕಲ್ಲುಕುಟಿಗನ ಮಗಳು. ಅಪ್ಪ ಮೆಟ್ಟಿಲು, ಹೊಸ್ತಿಲು, ಮೈಲಿಗಲ್ಲು ಕಡೆಯುವಾಗ ಪಕ್ಕದಲ್ಲೇ ಕೂತು ಉಳಿ ಹಿಡಿಯುವುದನ್ನು ಕಲಿತವಳು. ನಲವತ್ತೈದು ತುಂಬುವಷ್ಟರಲ್ಲಿ, ಎದುರಿಗಿದ್ದ ಕಲ್ಲು ಯಾವ ಕಡೆಗೆ ಸೀಳುತ್ತದೆಂದು ಕಣ್ಣಳತೆಯಲ್ಲೇ ಹೇಳುವಷ್ಟು ಪಳಗಿದ್ದಳು. ದರ್ಜಿಯಾಗಿದ್ದ ಗಂಡ, "ನಾನು ತಪ್ಪು ಕತ್ತರಿಸಿದ್ರೆ ತೇಪೆ ಹಾಕ್ತೀನಿ, ನಿನಗೆ ಆ ಭಾಗ್ಯವೂ ಇಲ್ಲ" ಎಂದು ಛೇಡಿಸುತ್ತಿದ್ದ.

"ಅದಕ್ಕೇ ನಾನು ತಪ್ಪು ಮಾಡಲ್ಲ" ಎನ್ನುತ್ತಿದ್ದಳು ಅವಳು.

ಆ ಊರಿಗೆ ಗುರುತೆಂದರೆ ಪೇಟೆ ಚೌಕದ ಕಲ್ಲಿನ ಕುದುರೆ. ಎತ್ತರದ ಕಟ್ಟೆಯ ಮೇಲೆ ಮುಂಗಾಲೊಂದನ್ನು ಎತ್ತಿ ನಿಂತಿದ್ದ ಅದಕ್ಕೆ ಎಡಗಿವಿ ಇರಲಿಲ್ಲ. ಶಾಲೆ ಮಕ್ಕಳ ಬ್ಯಾಡ್ಜಿನಲ್ಲಿ, ಬೇಕರಿಯ ಚೀಲದ ಮೇಲೆ, ಬಸ್ ಟಿಕೆಟ್ಟಿನಲ್ಲಿ ಎಲ್ಲೆಲ್ಲೂ ಅದೇ ಒಂಟಿಕಿವಿ. ಫುಟ್‌ಬಾಲ್ ತಂಡದ ಹೆಸರೂ ಅದೇ. ಹೇಳಿದ ಮಾತು ಕೇಳದ ಮಕ್ಕಳಿಗೆ ತಾಯಂದಿರು, "ಕುದುರೆ ತರ ನಿನಗೂ ಒಂದೇ ಕಿವೀನಾ?" ಎಂದು ಗದರುತ್ತಿದ್ದರು. ಇನ್ನೊಂದು ಕಿವಿ ಎಲ್ಲಿ ಹೋಯಿತೆಂದು ಕೇಳಿದರೆ ಒಬ್ಬ ಸಿಡಿಲು ಎನ್ನುತ್ತಿದ್ದ, ಇನ್ನೊಬ್ಬ ಯುದ್ಧದ ಗುಂಡು ಎನ್ನುತ್ತಿದ್ದ. ಇಬ್ಬರೂ ಕಣ್ಣಾರೆ ಕಂಡವರ ಹಾಗೆಯೇ ಹೇಳುತ್ತಿದ್ದರು.

ಒಂದು ಬೆಳಗ್ಗೆ ಲಾರಿಯೊಂದು ಹಿಂದಕ್ಕೆ ಬರುತ್ತಾ ಕಟ್ಟೆಗೆ ಗುದ್ದಿತು. ಕುದುರೆ ಬೀಳಲಿಲ್ಲ. ಆದರೆ ಊರಿ ನಿಂತಿದ್ದ ಮುಂಗಾಲಿಗೆ ಬಿರುಕು ಬಿತ್ತು. ನಗರಸಭೆಯ ಎಂಜಿನಿಯರ್ ಉಳಿಯಕ್ಕನ ಮನೆಗೇ ಬಂದರು.

"ಕಾಲು ಸರಿ ಮಾಡಿಕೊಡಿ. ಹಾಗೇ ಒಂದು ಕಿವೀನೂ ಕೂರಿಸಿಬಿಡಿ. ಅಧ್ಯಕ್ಷರು ಭಾಷಣದಲ್ಲಿ ಹೇಳಿಬಿಟ್ಟಿದ್ದಾರೆ."

"ಕಾಲು ಮಾಡ್ತೀನಿ ಸಾರ್. ಕಿವಿ ವಿಷಯ ಮೇಲೆ ಹತ್ತಿ ನೋಡಿ ಹೇಳ್ತೀನಿ."

ಮರದ ಸಾರವೆ ಕಟ್ಟಿಸಿ ಹತ್ತಿದಳು. ಎಡಗಿವಿಯ ಜಾಗದಲ್ಲಿ ಬೆರಳಾಡಿಸಿದವಳು ಹಾಗೇ ನಿಂತುಬಿಟ್ಟಳು. ಒಡೆದ ಕಲ್ಲಾದರೆ ಒರಟಾಗಿರಬೇಕು. ಇಲ್ಲಿ ಸಣ್ಣ ಉಳಿಯ ಸಾಲು ಸಾಲು ಗುರುತು, ಅದರ ಮೇಲೆ ಉಜ್ಜಿದ ನುಣುಪು. ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ. ಅದು ಕಲ್ಲಿನ ಹುಟ್ಟುದೋಷ. ಅಲ್ಲಿ ಕಿವಿ ಎಬ್ಬಿಸಿದ್ದರೆ ತಲೆಯೇ ಸೀಳಿಹೋಗುತ್ತಿತ್ತು. ಕಡೆದವನಿಗೆ ಅದು ಗೊತ್ತಾಗಿತ್ತು. ಕಿವಿ ಬಿಟ್ಟು ತಲೆ ಉಳಿಸಿಕೊಂಡಿದ್ದ. ಕುತ್ತಿಗೆಯ ಜೂಲನ್ನು ಗಾಳಿಗೆ ಹಾರಿದಂತೆ ಆ ಕಡೆಗೇ ಹೊರಳಿಸಿದ್ದ.

"ಭಲೇ ಗಟ್ಟಿಗ ಕಣಪ್ಪಾ ನೀನು!" ಎಂದಳು ಉಳಿಯಕ್ಕ, ಎಂದೋ ಬದುಕಿ ಹೋದ ಆ ಕಸುಬುದಾರನಿಗೆ.

ಎಂಜಿನಿಯರನ್ನೂ ಹತ್ತಿಸಿದಳು. ಅವರು ಒಂದು ಕೈಯಲ್ಲಿ ಕಂಬ ತಬ್ಬಿಕೊಂಡು, ಇನ್ನೊಂದರಲ್ಲಿ ಸವರಿ ನೋಡಿದರು. "ಸರಿ, ಒಡೆದಿಲ್ಲ. ನನಗೇನೋ ಅರ್ಥ ಆಯ್ತಮ್ಮ, ಅಧ್ಯಕ್ಷರಿಗೆ ಯಾರು ಹೇಳೋದು?"

"ಊರೇ ಹೇಳುತ್ತೆ. ಎರಡು ದಿನ ಕೊಡಿ."

ಜೇಡಿಮಣ್ಣಿನಲ್ಲಿ ಕಿವಿ ಮಾಡಿದಳು. ಬಲಗಿವಿಯನ್ನು ಅಳೆದು, ಕಲ್ಲಿನ ಬಣ್ಣ ಬಳಿದು, ಎಳ್ಳಷ್ಟೂ ಕುಂದಿಲ್ಲದಂತೆ ಕೂರಿಸಿದಳು. ಬೇಕೆಂದೇ ಕೆಟ್ಟದಾಗಿ ಮಾಡುವುದು ಅವಳ ಕೈಗೆ ಬರುವ ಕೆಲಸವಾಗಿರಲಿಲ್ಲ.

ಮಾರನೆಯ ದಿನ ಬೇಕರಿಯವನು ಬಾಗಿಲು ತೆಗೆದವನೇ ಕೂಗಿದ: "ಇದ್ಯಾವ ಕುದುರೆ ತಂದು ನಿಲ್ಲಿಸಿದ್ರಿ?" ಜನ ಸೇರತೊಡಗಿದರು. ಫುಟ್‌ಬಾಲ್ ತಂಡಕ್ಕೆ ತಂಡವೇ ಬಂದಿಳಿಯಿತು. "ನಾವಿನ್ನು ಏನಂತ ಹೆಸರಿಟ್ಕೊಳ್ಳೋದು? ಜೋಡಿಕಿವಿ ಅಂತಾನಾ?" ಎಂದು ನಾಯಕ ಸೊಂಟದ ಮೇಲೆ ಕೈಯಿಟ್ಟು ನಿಂತ. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರೇ ಬಂದರು. ಅವರೂ ಚಿಕ್ಕಂದಿನಲ್ಲಿ ಅದೇ ಬ್ಯಾಡ್ಜು ಚುಚ್ಚಿಕೊಂಡು ಶಾಲೆಗೆ ಹೋದವರು. ಕತ್ತೆತ್ತಿ ಬಹಳ ಹೊತ್ತು ನೋಡಿದರು.

"ಕಿವಿ ಚೆನ್ನಾಗೇ ಇದೆ ಕಣಮ್ಮ. ಆದ್ರೆ ಯಾರದೋ ಕುದುರೆ ನೋಡಿದ ಹಾಗಾಗುತ್ತೆ."

ಉಳಿಯಕ್ಕ ಸಾರವೆ ಹತ್ತಿ, ಎಲ್ಲರಿಗೂ ಕೇಳುವಂತೆ, ಬಿಳಿ ಗೆರೆಯ ಕಥೆ ಹೇಳಿದಳು. ಹೇಳಿ ಮುಗಿಸಿ ಮಣ್ಣಿನ ಕಿವಿಯನ್ನು ಕಿತ್ತು ಕೆಳಗಿನ ಬಕೆಟ್ಟಿಗೆ ಹಾಕಿದಳು. ಜನ ಚಪ್ಪಾಳೆ ತಟ್ಟಿದರು.

"ನನ್ನ ಭಾಷಣದ ಗತಿ?" ಎಂದರು ಅಧ್ಯಕ್ಷರು.

"ಇನ್ನೊಂದು ಮಾಡಿ ಸಾರ್. ಅದು ಗಾಯ ಅಲ್ಲ, ಜಾಣತನ ಅಂತ ಹೇಳಿ."

ಆಮೇಲೆ ಹನ್ನೊಂದು ದಿನ ಕಾಲಿನ ಕೆಲಸ. ಬಿರುಕಿಗೆ ಅಡ್ಡವಾಗಿ ಎರಡು ತೂತು ಕೊರೆದು, ತುಕ್ಕು ಹಿಡಿಯದ ಕಂಬಿ ಇಳಿಸಿ, ಅದೇ ಜಾತಿಯ ಕಲ್ಲಿನ ಪುಡಿ ಕಲಸಿದ ಅಂಟು ತುಂಬಿದಳು. ಉಜ್ಜಿ ಮುಗಿಸಿದಾಗ ಬಿರುಕು ಎಲ್ಲಿತ್ತೆಂದು ಎಂಜಿನಿಯರಿಗೇ ಗುರುತಿಸಲಾಗಲಿಲ್ಲ.

"ಕಟ್ಟೆ ಮೇಲೆ ನಿಮ್ಮ ಹೆಸರು ಬರೆಸೋಣ ಅಂತ ಸಭೇಲಿ ತೀರ್ಮಾನ ಆಗಿದೆ" ಎಂದು ಅವರು ಹೇಳಿದಾಗ ಅವಳು ಬೇಡವೆನ್ನಲಿಲ್ಲ.

"ಬರೆಸಿ ಸಾರ್. ಆದ್ರೆ ಅಕ್ಷರ ನಾನೇ ಕೊರೀತೀನಿ. ಬೇರೆಯವರು ಕೊರೆದ್ರೆ ಕೆಡಿಸ್ತಾರೆ."

ಕೊರೆದಳು. ಅದನ್ನು ನೋಡಲೆಂದೇ ಗಂಡ ತನ್ನ ತಾಯಿಯನ್ನು ಚೌಕಕ್ಕೆ ಕರೆತಂದ. ಅತ್ತೆ ಕನ್ನಡಕ ಏರಿಸಿ, ಬಗ್ಗಿ, ಒಂದೊಂದೇ ಅಕ್ಷರ ಓದಿದರು. "ಇಷ್ಟು ಸಣ್ಣಕ್ಕೆ ಬರೆದ್ರೆ ಯಾರಿಗೆ ಕಾಣುತ್ತೆ ಹುಡುಗಿ? ಮಾಡಿದ ಕೆಲಸ ಸಣ್ಣದಾ?" ಎಂದು ಸೊಸೆಯ ಬೆನ್ನಿಗೊಂದು ಗುದ್ದಿ, ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ತಾವೇ ಓದಿ ಹೇಳತೊಡಗಿದರು. ಉಳಿಯಕ್ಕ ನಗುತ್ತಾ, ಕಟ್ಟೆಗೆ ಒರಗಿ, ಅವರ ಓದು ಮುಗಿಯುವವರೆಗೂ ಕಾದಳು.